ಬೀಗದ ಕೈ ಕೊಡುವ ಹೊತ್ತು

ನಮ್ಮ ಬೀದಿಯ ಮಿತ್ರರೊಬ್ಬರು ಕಳೆದ ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಬಂದು, ತಮ್ಮ ಮೊಬೈಲಿನಲ್ಲಿದ್ದ ಒಂದು ಜಾಹೀರಾತನ್ನು ನನ್ನ ಮುಂದೆ ಹಿಡಿದರು. ಯಾವುದೋ ಕಂಪನಿಗೆ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಕೆಲಸಕ್ಕೆ ಜನ ಬೇಕಾಗಿದ್ದಾರೆ. 'ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ' ಎಂದು ಮೇಲ್ಗಡೆ ದಪ್ಪಕ್ಷರದಲ್ಲಿದೆ. 'ಕನಿಷ್ಠ ಮೂರು ವರ್ಷದ ಅನುಭವ ಅಗತ್ಯ' ಎಂದು ಕೆಳಗಡೆ ಸಣ್ಣಕ್ಷರದಲ್ಲಿದೆ. ಮಿತ್ರರ ಮಗ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷವಾಯಿತು. ಹನ್ನೊಂದು ಕಡೆ ಸಂದರ್ಶನಕ್ಕೆ ಹೋಗಿಬಂದಿದ್ದಾನೆ. ಹನ್ನೊಂದು ಕಡೆಯೂ ಸಿಕ್ಕ ಉತ್ತರ ಒಂದೇ: ಅನುಭವ ಸಾಲದು. "ಈಜು ಬಾರದವನನ್ನು ನೀರಿಗೆ ಬಿಡುವುದಿಲ್ಲ, ನೀರಿಗಿಳಿಯದವನಿಗೆ ಈಜು ಬರುವುದಿಲ್ಲ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಪರಿಹಾರವೇನಾದರೂ ಉಂಟೇ?" ಎಂದು ಅವರು ಕೇಳಿದರು.

'ನಿಮ್ಮ ಶಾಸ್ತ್ರ' ಎಂದದ್ದು, ನಾನು ಆ ಕಸುಬಿನಲ್ಲಿ ೨೭ ವರ್ಷ ಕಳೆದು ನಿವೃತ್ತನಾದವನೆಂಬ ಕಾರಣಕ್ಕೆ. ಅದರಲ್ಲಿ ಕೊನೆಯ ೧೫ ವರ್ಷ ಹೊಸಬರನ್ನು ಆರಿಸುವ, ಅವರಿಗೆ ಕೆಲಸ ಕಲಿಸುವ ಹೊಣೆ ನನ್ನ ಮೇಲಿತ್ತು. ಮಿತ್ರರಿಗೆ ಆ ಹೊತ್ತಿಗೆ ಏನೋ ಒಂದು ಸಮಾಧಾನ ಹೇಳಿ ಕಳುಹಿಸಿಕೊಟ್ಟೆ. ಅವರು ಹೋದರು, ಅವರ ಪ್ರಶ್ನೆ ಹೋಗಲಿಲ್ಲ, ಕಾಫಿಯ ಲೋಟದ ಪಕ್ಕದಲ್ಲಿಯೇ ಕುಳಿತುಬಿಟ್ಟಿತು. ನೋಡುವುದಕ್ಕೆ ಅದು ಉದ್ಯೋಗದ ಪ್ರಶ್ನೆ. ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆ. ಅದರ ವಿಷಯದಲ್ಲಿ ನನಗೆ ತಿಳಿದಿರುವುದು ಸ್ವಲ್ಪ. ತಿಳಿಯಲು ತೆತ್ತ ಬೆಲೆ ಸ್ವಲ್ಪವಲ್ಲ. ಆ ಬೆಲೆಯನ್ನು ತೆತ್ತವನು ನಾನೊಬ್ಬನೇ ಅಲ್ಲವಾದುದರಿಂದ ಬರೆಯಬೇಕೆನ್ನಿಸಿತು.

ಈ ಕಸುಬಿನ ಹೆಸರನ್ನು ಕೇಳಿಯೂ ಅದರ ಸ್ವರೂಪವನ್ನರಿಯದ ಓದುಗರು ಇರಬಹುದು. ಬ್ಯಾಂಕು, ಆಸ್ಪತ್ರೆ, ರೈಲ್ವೆ, ತಾಲ್ಲೂಕು ಕಚೇರಿ, ಇಂದು ಎಲ್ಲದರ ಲೆಕ್ಕಪತ್ರವೂ ಗಣಕಯಂತ್ರಗಳ ಒಡಲಿನಲ್ಲಿದೆ. ರೈತನ ಪಹಣಿಯೂ ಅಲ್ಲಿದೆ, ಮುದುಕಿಯ ಪಿಂಚಣಿಯೂ ಅಲ್ಲಿದೆ. ಆ ಯಂತ್ರಗಳು ಹಗಲಿರುಳು ನಡೆಯುವಂತೆ ನೋಡಿಕೊಳ್ಳುವವನು, ಯಾರು ಯಾವ ಕಡತವನ್ನು ತೆರೆಯಬಹುದೆಂದು ವಿಧಿಸುವವನು, ಪ್ರತಿ ರಾತ್ರಿ ಎಲ್ಲದರ ನಕಲು ತೆಗೆದು ಬೇರೆಡೆ ಇಡುವವನು, ಕೆಟ್ಟರೆ ನಡುರಾತ್ರಿ ಎದ್ದು ಬರುವವನು ಈ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ನಮ್ಮ ಹಳ್ಳಿಗಳ ನೀರುಗಂಟಿಯನ್ನು ಬಲ್ಲವರಿಗೆ ಈತನ ಪರಿಚಯ ಮಾಡಿಕೊಡುವುದು ಸುಲಭ. ಕೆರೆಯ ತೂಬನ್ನು ತೆಗೆಯುವವನೂ ಮುಚ್ಚುವವನೂ ನೀರುಗಂಟಿ. ಗದ್ದೆ ಅವನದಲ್ಲ, ಬೆಳೆ ಅವನದಲ್ಲ, ಕೆರೆಯೂ ಅವನದಲ್ಲ. ಆದರೂ ಅವನು ಒಂದು ರಾತ್ರಿ ಮೈಮರೆತರೆ ಊರಿನ ಪೈರು ಒಣಗಬಹುದು, ಇಲ್ಲವೆ ಕೊಚ್ಚಿಹೋಗಬಹುದು. ನೀರು ಸರಿಯಾಗಿ ಬಂದ ದಿನ ಅವನನ್ನು ನೆನೆಯುವವರಿಲ್ಲ. ಬಾರದ ದಿನ ನೆನೆಯದವರಿಲ್ಲ.

ನೀರುಗಂಟಿಗಿಂತ ಈತನ ಅಧಿಕಾರ ಒಂದು ಕೈ ಮಿಗಿಲೆಂದೇ ಹೇಳಬೇಕು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ಎಂಬ ವ್ಯವಸ್ಥೆ, ಅದರ ಮಾದರಿಯಲ್ಲಿ ೧೯೯೧ರಿಂದ ಬೆಳೆದ ಲಿನಕ್ಸ್, ಇವುಗಳಲ್ಲಿ 'ರೂಟ್' ಎಂಬ ಒಂದು ಪದವಿಯುಂಟು. ರೂಟ್ ಎಂದರೆ ಬೇರು. ಆ ಪದವಿಯ ಗುಪ್ತಪದವನ್ನು ಬಲ್ಲವನಿಗೆ ಬಾಗಿಲಿಲ್ಲ, ಬೀಗವಿಲ್ಲ. ಯಾರ ಕಡತವನ್ನಾದರೂ ಅವನು ಓದಬಲ್ಲ, ತಿದ್ದಬಲ್ಲ, ಅಳಿಸಬಲ್ಲ. ಅಳಿಸು ಎಂದು ಅವನು ಆಜ್ಞೆ ಮಾಡಿದರೆ, 'ನಿಜವಾಗಿಯೂ ಅಳಿಸಲೇ?' ಎಂದು ಯಂತ್ರ ಕೇಳುವ ವಾಡಿಕೆಯಿಲ್ಲ. ಯಜಮಾನನಿಗೆ ತನ್ನ ಮನಸ್ಸು ಗೊತ್ತಿದೆಯೆಂದು ಅದು ನಂಬುತ್ತದೆ.

ಇಂಥ ಅಧಿಕಾರವನ್ನು ಇಡಿಯಾಗಿ ಕೊಡದೆ ಅಳತೆಗೆ ತಕ್ಕಂತೆ ಹಂಚಿಕೊಡುವುದಕ್ಕಾಗಿ, ೧೯೮೦ರ ಸುಮಾರಿನಲ್ಲಿ, ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ 'ಸುಡೋ' ಎಂಬ ಸಣ್ಣ ಸಾಧನವೊಂದು ಹುಟ್ಟಿತು. ಇಂಥವನು ಇಂಥ ಕೆಲಸವನ್ನು ಮಾತ್ರ ಮಾಡಬಹುದು ಎಂದು ಅದರಲ್ಲಿ ಕಟ್ಟುಮಾಡಬಹುದು. ಅದನ್ನು ಮೊದಲ ಸಲ ಬಳಸುವವನಿಗೆ ತೆರೆಯ ಮೇಲೆ ಮೂರು ಬುದ್ಧಿಮಾತುಗಳು ಕಾಣಿಸುತ್ತವೆ: ಇತರರ ಗೋಪ್ಯವನ್ನು ಗೌರವಿಸಬೇಕು, ಕೀಲಿಯನ್ನೊತ್ತುವ ಮುನ್ನ ಯೋಚಿಸಬೇಕು, ಅಧಿಕಾರ ದೊಡ್ಡದಾದಷ್ಟೂ ಹೊಣೆ ದೊಡ್ಡದಾಗುತ್ತದೆ. ಮಾತುಗಳೇನೋ ಹಳೆಯವೇ. ನನಗೆ ಸ್ವಾರಸ್ಯವಾಗಿ ಕಂಡದ್ದು ಅವುಗಳ ಪೀಠಿಕೆ. ನಿಮ್ಮ ಹಿರಿಯ ಆಡಳಿತಗಾರರು ಈ ಉಪದೇಶವನ್ನು ನಿಮಗೆ ಈಗಾಗಲೇ ಮಾಡಿರುವರೆಂದು ನಂಬಿದ್ದೇವೆ ಎಂಬರ್ಥದ ಮಾತು ಅದು. ಯಂತ್ರ ತಾನೇ ಗುರುವೆಂದು ಹೇಳಿಕೊಳ್ಳುವುದಿಲ್ಲ. ಗುರುವೊಬ್ಬನು ಬೇರೆ ಇದ್ದಾನೆ, ಅವನು ತನ್ನ ಕೆಲಸವನ್ನು ಮಾಡಿದ್ದಾನೆ ಎಂದು ಅದರ ನಂಬಿಕೆ. ಆ ನಂಬಿಕೆಗೆ ನಾವು ಎಷ್ಟರಮಟ್ಟಿಗೆ ಅರ್ಹರು ಎಂಬುದೇ ಈ ಲೇಖನದ ವಿಷಯ.

ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳೋಣ. ಇಷ್ಟು ದೊಡ್ಡ ಬೀಗದ ಕೈಯನ್ನು ಯಾರಿಗೆ ಕೊಡಬೇಕು? ನಂಬಿಕೆಗೆ ಅರ್ಹನಾದವನಿಗೆ ಎನ್ನುತ್ತೇವೆ. ಅರ್ಹನೆಂದು ಗೊತ್ತಾಗುವುದು ಯಾವಾಗ? ಬೀಗದ ಕೈ ಕೊಟ್ಟು ನೋಡಿದ ಮೇಲೆ. ನಂಬಿಕೆಯನ್ನು ಸಂಪಾದಿಸಿಕೊಳ್ಳಬೇಕು ಎಂದು ಹಿರಿಯರು ಕಿರಿಯರಿಗೆ ಹೇಳುವುದುಂಟು. ಆ ಮಾತು ಅರ್ಧ ಸತ್ಯ. ಸಂಪಾದನೆಗೆ ಮೊದಲ ಬಂಡವಾಳವನ್ನು ಯಾರಾದರೂ ಸಾಲವಾಗಿ ಕೊಡಲೇಬೇಕು. ಆದರೆ ಇಲ್ಲಿ ಸಾಲ ಕೊಡುವವನು ನಾನು. ಮುಳುಗಿದರೆ ಮುಳುಗುವುದು ಬೇರೆಯವರ ಹಣ. ಹೊಸ ವೈದ್ಯನ ಮೊದಲ ಶಸ್ತ್ರಕ್ರಿಯೆ ಯಾರೋ ಒಬ್ಬ ರೋಗಿಯ ಮೈಮೇಲೆಯೇ ನಡೆಯಬೇಕು. ಹೊಸ ಚಾಲಕನ ಮೊದಲ ಬಸ್ಸಿನಲ್ಲಿ ಯಾರೋ ಕೆಲವರು ಕುಳಿತೇ ಇರುತ್ತಾರೆ. ಪರರ ಸ್ವತ್ತನ್ನು ಪಣವಾಗಿಟ್ಟು ಹುಡುಗನೊಬ್ಬನಿಗೆ ವಿದ್ಯೆ ಕಲಿಸುವ ಹಕ್ಕು ನನಗೆ ಎಲ್ಲಿಂದ ಬಂತು? ಹಾಗೆಂದು ಕಲಿಸದೆ ಕುಳಿತರೆ, ನಾಳೆ ನಾನು ಎದ್ದುಹೋದ ಮೇಲೆ ತೂಬಿನ ಬಳಿ ನಿಲ್ಲುವವರು ಯಾರು?

ಈ ಪ್ರಶ್ನೆಗೆ ಉತ್ತರದ ಸುಳಿವು ನನಗೆ ಸಿಕ್ಕಿದ್ದು ನನ್ನದೇ ಒಂದು ತಪ್ಪಿನಿಂದ. ೧೯೯೭ರ ಮಾತು. ಬೆಂಗಳೂರಿನ ಒಂದು ಕಚೇರಿಯಲ್ಲಿ ನಾನು ರಾತ್ರಿ ಪಾಳಿಯ ಕಿರಿಯ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ತಾತ್ಕಾಲಿಕ ಕಡತಗಳಿದ್ದ ಒಂದು ಕೋಶವನ್ನು ಅಳಿಸಬೇಕಾಗಿತ್ತು. ಆಜ್ಞೆಯಲ್ಲಿ ಮೊದಲು ಒಂದು ಓರೆಗೆರೆ, ಅದಕ್ಕೆ ತಾಗಿದಂತೆ ಕೋಶದ ಹೆಸರು ಬರಬೇಕು. ನನ್ನ ಬೆರಳು ಓರೆಗೆರೆಗೂ ಹೆಸರಿಗೂ ನಡುವೆ ಒಂದು ತೆರಪನ್ನು ಬಿಟ್ಟಿತು. ಯೂನಿಕ್ಸಿನ ವ್ಯಾಕರಣದಲ್ಲಿ ಒಂಟಿ ಓರೆಗೆರೆಯೆಂದರೆ ಸಮಸ್ತವೂ ಎಂದರ್ಥ. ಒಂದು ಅಕ್ಷರ ತಪ್ಪಿದ್ದರೂ ಹೇಳಿಕೊಳ್ಳಬಹುದಾಗಿತ್ತು. ನಾನು ತಪ್ಪಿದ್ದು ಅಕ್ಷರವೇ ಇಲ್ಲದ ಕಡೆಯಲ್ಲಿ. ಯಂತ್ರ ಮರುಮಾತಿಲ್ಲದೆ ಕೆಲಸಕ್ಕೆ ತೊಡಗಿತು. ಏಕೆ ಇಷ್ಟು ಹೊತ್ತು ಹಿಡಿಯುತ್ತಿದೆಯೆಂದು ನನಗೆ ಅನುಮಾನ ಬಂದು ನಿಲ್ಲಿಸುವ ವೇಳೆಗೆ ಲೆಕ್ಕಪತ್ರ ವಿಭಾಗದ ಕಡತಗಳು ಹೋಗಿಯಾಗಿದ್ದುವು.

ನಮ್ಮ ಮೇಲಿನವರಿಗೆ ದೂರವಾಣಿ ಮಾಡಿದೆ. ಅವರು ರಾತ್ರಿ ಎರಡು ಗಂಟೆಗೆ ಸ್ಕೂಟರಿನಲ್ಲಿ ಬಂದರು; ಸ್ವೆಟರಿನ ಕೆಳಗೆ ಪಂಚೆ. ಬಂದವರು ಮೂರೇ ಪ್ರಶ್ನೆ ಕೇಳಿದರು. ಏನು ಒತ್ತಿದೆ? ಎಷ್ಟು ಹೊತ್ತಿಗೆ? ಆಮೇಲೆ ಇನ್ನೇನನ್ನಾದರೂ ಮುಟ್ಟಿದೆಯಾ? 'ಏಕೆ ಹೀಗೆ ಮಾಡಿದೆ?' ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಹಿಂದಿನ ರಾತ್ರಿಯ ಟೇಪನ್ನು ಬೀರುವಿನಿಂದ ತಂದು, ಬೆಳಗಾಗುವುದರೊಳಗೆ ಎಲ್ಲವನ್ನೂ ಮರಳಿ ತುಂಬಿದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪ್ರತಿ ಹೆಜ್ಜೆಯನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಹೋದದ್ದು ಆ ಒಂದು ಹಗಲಿನ ನಮೂದುಗಳು ಮಾತ್ರ. ಮಾರನೆಯ ದಿನ ಮ್ಯಾನೇಜರರ ಬಳಿಗೆ ಹೋಗಿ, "ನನ್ನ ವಿಭಾಗದಲ್ಲಿ ತಪ್ಪಾಯಿತು" ಎಂದು ಹೇಳಿದರು. ನನ್ನ ಹೆಸರೆತ್ತಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರಿಯ ಔದಾರ್ಯವಾಗುತ್ತಿತ್ತು. ಅವರು ಬಿಡಲಿಲ್ಲ. ನನ್ನನ್ನು ಲೆಕ್ಕಪತ್ರ ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಳಿಸಿಹೋದ ನಮೂದುಗಳನ್ನು ಎರಡನೆಯ ಸಲ ಬೆರಳಚ್ಚು ಮಾಡುತ್ತಿದ್ದ ಹಿರಿಯ ಗುಮಾಸ್ತೆಯೊಬ್ಬರ ಪಕ್ಕದಲ್ಲಿ ಕೂರಿಸಿದರು. ಎರಡು ದಿನ ನಾನು ಚೀಟಿಗಳನ್ನು ಒಂದೊಂದಾಗಿ ಓದಿ ಹೇಳಿದೆ, ಆಕೆ ಒತ್ತಿದರು. ಮೊದಲ ದಿನ ಆಕೆ ನನ್ನೊಡನೆ ಮಾತನಾಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ತಮ್ಮ ಡಬ್ಬಿಯಿಂದ ಒಂದು ಚಪಾತಿ ಕೊಟ್ಟರು. ಸಂಜೆ ನಮ್ಮ ಮೇಲಿನವರು ಬಾಗಿಲಲ್ಲಿ ಇಣುಕಿ, "ನಾಳೆ ರಾತ್ರಿಯೂ ನಿನ್ನದೇ ಪಾಳಿ" ಎಂದು ಹೇಳಿ ಹೋದರು. ಬೀಗದ ಕೈ ನನ್ನ ಬಳಿಯೇ ಉಳಿಯಿತು.

ಆ ಎರಡು ದಿನಗಳಲ್ಲಿ ನನಗೆ ತಿಳಿದದ್ದನ್ನು ಮಾತಿಗೆ ತರಲು ಬಹಳ ವರ್ಷಗಳು ಬೇಕಾದುವು. ಕಲಿಯುವವನ ತಪ್ಪಿಗೆ ಬೇರೆಯವರು ಬೆಲೆ ತೆರುವರೆಂಬುದು ನಿಜ. ಆದುದರಿಂದ ಕಲಿಸುವವನಿಗೆ ಎರಡು ಕರ್ತವ್ಯಗಳು ಒದಗುತ್ತವೆ. ತಪ್ಪಿಗೂ ಅದರಿಂದ ನೋಯುವವರಿಗೂ ನಡುವೆ ತಾನು ನಿಲ್ಲುವುದು ಒಂದು: ಬೀರುವಿನಲ್ಲಿ ಹಿಂದಿನ ರಾತ್ರಿಯ ಟೇಪು ಇರಬೇಕು, ಅದು ಓದುವ ಸ್ಥಿತಿಯಲ್ಲಿರಬೇಕು. ಆದರೂ ಸೋರಿಹೋದ ನೋವು ಯಾರನ್ನು ಮುಟ್ಟಿತೆಂಬುದನ್ನು ಕಲಿಯುವವನಿಗೆ ಕಣ್ಣಾರೆ ತೋರಿಸುವುದು ಇನ್ನೊಂದು. ಮೊದಲನೆಯದು ಇಲ್ಲದ ಗುರು ಜೂಜುಗಾರ. ಎರಡನೆಯದನ್ನು ಬಿಟ್ಟವನು ಶಿಷ್ಯನನ್ನು ಮುದ್ದಿನಿಂದ ಕೆಡಿಸುತ್ತಾನೆ.

ಮುಂದೆ ನಾನೇ ಹೊಸಬರನ್ನು ಆರಿಸುವ ಕಾಲ ಬಂದಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದೆ: "ನೀವು ಈವರೆಗೆ ಏನನ್ನು ಕೆಡಿಸಿದ್ದೀರಿ?" ಒಬ್ಬ ಯುವಕ, ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು, ಬೆನ್ನು ನೆಟ್ಟಗೆ ಮಾಡಿ, "ಏನನ್ನೂ ಕೆಡಿಸಿಲ್ಲ ಸಾರ್" ಎಂದ. ಅದು ಸುಳ್ಳಾದರೆ ಒಂದು ದೋಷ. ನಿಜವಾದರೆ ಅವನು ಈವರೆಗೆ ಯಾವುದನ್ನೂ ಮನಸ್ಸಿಟ್ಟು ಮುಟ್ಟಿಲ್ಲ. ಹಾಸನದ ಕಡೆಯ ಒಬ್ಬ ಹುಡುಗಿ ಸ್ವಲ್ಪ ತಡೆದು ಹೇಳಿದಳು. ಗೆಳತಿಯರ ಅನುಕೂಲಕ್ಕೆಂದು ಮನೆಯಿಂದ ತಂದ ವೈಫೈ ಪೆಟ್ಟಿಗೆಯೊಂದನ್ನು ಕಾಲೇಜಿನ ಪ್ರಯೋಗಾಲಯದ ತಂತಿಗೆ ಸಿಕ್ಕಿಸಿದಳಂತೆ. ಆ ಪೆಟ್ಟಿಗೆ ತಾನೇ ಯಜಮಾನನೆಂದು ಬಗೆದು ಅಲ್ಲಿದ್ದ ಗಣಕಗಳಿಗೆಲ್ಲ ತನ್ನ ಲೆಕ್ಕದ ವಿಳಾಸಗಳನ್ನು ಹಂಚತೊಡಗಿತು. ಒಂದೊಂದಾಗಿ ಎಲ್ಲದರ ಸಂಪರ್ಕವೂ ಕಡಿದುಹೋಯಿತು. ಎರಡು ದಿನ ಯಾರಿಗೂ ಕಾರಣ ಹೊಳೆಯಲಿಲ್ಲ. ಮೂರನೆಯ ದಿನ ಇವಳಿಗೆ ಹೊಳೆಯಿತು. ಹೋಗಿ ಹೇಳಿದಳು, ದಂಡವನ್ನೂ ಕಟ್ಟಿದಳು. "ಹೇಳದೆ ಪೆಟ್ಟಿಗೆಯನ್ನು ಕಿತ್ತುಕೊಂಡು ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ?" ಎಂದು ಕೇಳಿದೆ. "ಅವರು ಹೊಸ ಸ್ವಿಚ್ಚು ಕೊಳ್ಳುವುದಕ್ಕೆ ಹೊರಟಿದ್ದರು ಸಾರ್, ಸುಮ್ಮನೆ ಖರ್ಚು" ಎಂದಳು. ಅವಳನ್ನು ತೆಗೆದುಕೊಂಡೆವು. ಯಂತ್ರದ ವಿದ್ಯೆಯನ್ನು ಆರು ತಿಂಗಳಲ್ಲಿ ಕಲಿಸಬಹುದು. ತನ್ನ ತಪ್ಪನ್ನು ತಾನೇ ಹೋಗಿ ಹೇಳುವ ಸ್ವಭಾವವನ್ನು ಕಲಿಸುವ ಪಾಠಶಾಲೆ ನನಗೆ ಸಿಕ್ಕಿಲ್ಲ. ಅದನ್ನು ಕೆಡಿಸುವ ಪಾಠಶಾಲೆಯನ್ನು ಮಾತ್ರ ನಾನೇ ಒಂದು ಕಾಲದಲ್ಲಿ ನಡೆಸಿದ್ದೆ. ಆ ಕಥೆ ಮುಂದೆ ಬರುತ್ತದೆ.

ಕಲಿಸುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಸಬರಿಗೆ ಮೊದಲ ವಾರ ಯಾರಿಗೂ ಸೇರದ ಒಂದು ಯಂತ್ರವನ್ನು ಕೊಟ್ಟು, ಅದನ್ನು ಪೂರ್ತಿಯಾಗಿ ಕೆಡಿಸಲು ಹೇಳುತ್ತಿದ್ದೆ. ಕೆಡಿಸಿದ ಮೇಲೆ ನಕಲಿನಿಂದ ಅದನ್ನು ಮರಳಿ ನಿಲ್ಲಿಸಬೇಕು. ಕಟ್ಟುವ ವಿದ್ಯೆಗಿಂತ ಮೊದಲು ಮರಳಿ ತರುವ ವಿದ್ಯೆ. ಅನಂತರ ನಾನು ಮಾಡುವುದನ್ನು ಅವರು ನೋಡಬೇಕು. ಆಮೇಲೆ ಅವರು ಮಾಡುವುದನ್ನು ನಾನು ನೋಡಬೇಕು. ಆಮೇಲೆ ಹಗಲಿನಲ್ಲಿ ಅವರೊಬ್ಬರೇ, ಕೊನೆಗೆ ರಾತ್ರಿಯಲ್ಲಿ ಅವರೊಬ್ಬರೇ. ವಾಹನ ಕಲಿಸುವ ಶಾಲೆಯ ಕಾರನ್ನು ಓದುಗರು ನೋಡಿರಬಹುದು. ಗುರುವಿನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಆದರೆ ಚಕ್ರ ಹಿಡಿಯುವವನು ಶಿಷ್ಯನೊಬ್ಬನೇ. ಗುರು ಹೆದರಿಕೊಂಡು ಹೆಜ್ಜೆಹೆಜ್ಜೆಗೂ ತನ್ನ ಬ್ರೇಕನ್ನು ಒತ್ತುತ್ತಿದ್ದರೆ ಶಿಷ್ಯ ಗಾಡಿ ನಡೆಸಲು ಕಲಿಯುವುದಿಲ್ಲ, ಗುರುವಿನ ಕಾಲನ್ನು ನೋಡಲು ಕಲಿಯುತ್ತಾನೆ. ಬ್ರೇಕು ಇದೆಯೆಂಬ ಧೈರ್ಯದಲ್ಲಿ ಅದನ್ನು ಒತ್ತದೆ ಕುಳಿತಿರುವುದೇ ಗುರುವಿಗೆ ಕಷ್ಟದ ಪಾಠ.

ಇಷ್ಟೆಲ್ಲ ತಿಳಿದವನು ಸರಿಯಾಗಿ ನಡೆದುಕೊಂಡಿರಬೇಕೆಂದು ನೀವು ಊಹಿಸಬಹುದು. ನಾನು ನಡೆದುಕೊಳ್ಳಲಿಲ್ಲ. ೨೦೦೯ರಲ್ಲಿ ನನ್ನ ಕೈಕೆಳಗಿನ ಹುಡುಗನೊಬ್ಬ ಒಂದು ಸಣ್ಣ ತಪ್ಪು ಮಾಡಿದ. ಹೊಸ ಯಂತ್ರವೊಂದರ ಗಡಿಯಾರವನ್ನು ತಪ್ಪಾಗಿ ಹೊಂದಿಸಿದ್ದ. ಅರ್ಧ ದಿನದ ಕೆಲವು ದಾಖಲೆಗಳಿಗೆ ತಪ್ಪು ಹೊತ್ತು ಬಿದ್ದಿತ್ತು. ಒಂದು ಗಂಟೆಯಲ್ಲಿ ಸರಿಪಡಿಸಬಹುದಾದ ವಿಷಯ. ಅವನೇ ಬಂದು ಹೇಳಿದ. ಆ ದಿನ ಬೆಳಿಗ್ಗೆ ನಾನು ನನ್ನ ಮೇಲಿನವರಿಂದ ಬೇರೊಂದು ಕಾರಣಕ್ಕೆ ಬೈಸಿಕೊಂಡು ಬಂದಿದ್ದೆ. ಹತ್ತು ಜನರ ಎದುರಿನಲ್ಲಿ ಅವನನ್ನು ನಿಲ್ಲಿಸಿ, ಹೇಳಬಾರದ ಮಾತುಗಳನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಉಳಿದವರು ತಂತಮ್ಮ ತೆರೆಗಳನ್ನು ನೋಡುತ್ತ ಕುಳಿತಿದ್ದರು.

ಅದು ಬಹಳ ಒಳ್ಳೆಯ ಫಲ ಕೊಟ್ಟಿತೆಂದು ನಾನು ಭಾವಿಸಿದೆ. ಏಕೆಂದರೆ ಆಮೇಲೆ ಆರು ತಿಂಗಳು ನಮ್ಮ ವಿಭಾಗದಿಂದ ಒಂದು ತಪ್ಪೂ ವರದಿಯಾಗಲಿಲ್ಲ. ನಾನು ಇದನ್ನು ಸಭೆಯೊಂದರಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಆ ವೇಳೆಗೆ ನಾವು ಒಂದು ಆಸ್ಪತ್ರೆಯ ಗಣಕಗಳನ್ನು ನೋಡಿಕೊಳ್ಳುತ್ತಿದ್ದೆವು. ಅದರ ರಾತ್ರಿಯ ನಕಲಿನ ಹೊಣೆ ಇನ್ನೊಬ್ಬ ಕಿರಿಯನದು. ಸಂಕೋಚದ ಹುಡುಗ, ಕೆಲಸದಲ್ಲಿ ಚುರುಕು. ಅವನು ಯಾವುದೋ ಬದಲಾವಣೆ ಮಾಡಿದಾಗ ಪ್ರಯೋಗಾಲಯದ ವರದಿಗಳ ನಕಲು ನಿಂತುಹೋಯಿತು. ಒಂದು ವಾರದ ಮೇಲೆ ಅದು ಅವನ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ತಾನೇ ಸರಿಪಡಿಸಲು ನೋಡಿದ, ಆಗಲಿಲ್ಲ. ಈ ದಿನ ಹೇಳೋಣ, ನಾಳೆ ಹೇಳೋಣ ಎಂದು ಏಳು ವಾರ ಕಳೆದುವು. ಒಂದು ಶನಿವಾರ ಮೂಲ ಯಂತ್ರದ ಡಿಸ್ಕುಗಳು ಕೈಕೊಟ್ಟುವು. ನಕಲನ್ನು ತರಲು ಹೋದರೆ ನಕಲಿಲ್ಲ. ಏಳೆಂಟು ವಾರಗಳ ವರದಿಗಳು ಹೋದುವು. ಕಾಗದದ ಪ್ರತಿಯನ್ನು ಜೋಪಾನವಾಗಿಟ್ಟುಕೊಂಡಿದ್ದ ರೋಗಿಗಳು ಪಾರಾದರು. ಉಳಿದವರನ್ನು ಮತ್ತೆ ಕರೆಸಿ, ಮತ್ತೆ ಸೂಜಿ ಚುಚ್ಚಿ, ಮತ್ತೆ ರಕ್ತ ತೆಗೆದರು. ಆ ಸಾಲಿನಲ್ಲಿ ನಿಂತವರನ್ನು ನಾನು ಹೋಗಿ ನೋಡಿದೆ. ದೂರದ ಊರಿನಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕರು ಇದ್ದರು. ಮಕ್ಕಳೂ ಇದ್ದುವು.

ಹುಡುಗನನ್ನು ಕರೆದು, "ಮೊದಲ ದಿನವೇ ಏತಕ್ಕೆ ಹೇಳಲಿಲ್ಲ?" ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆವತ್ತು ಅವನಿಗೆ ಆದದ್ದನ್ನು ನಾನು ನೋಡಿದ್ದೆ ಸಾರ್" ಎಂದ.

ಅವನನ್ನು ಕೆಲಸದಿಂದ ತೆಗೆದರು. ಪತ್ರಕ್ಕೆ ಸಹಿ ಹಾಕಿದವನು ನಾನು. ವಿಚಾರಣೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೇಳದಿದ್ದುದನ್ನು ನಾನಾಗಿ ಹೇಳಲಿಲ್ಲ. ಅವನು ಮುಚ್ಚಿಟ್ಟದ್ದು ಏಳು ವಾರ. ನಾನು ಮುಚ್ಚಿಟ್ಟದ್ದು ಈ ಲೇಖನ ಬರೆಯುವವರೆಗೆ.

ಅವನದು ತಪ್ಪಲ್ಲವೆಂದು ನಾನು ವಾದಿಸುತ್ತಿಲ್ಲ. ಭಯವಿದ್ದರೂ ಸತ್ಯ ಹೇಳಬೇಕಾದದ್ದು ಧರ್ಮ; ಆಸ್ಪತ್ರೆಯ ಕೆಲಸದಲ್ಲಿ ಅದು ಇನ್ನೂ ಹೆಚ್ಚು. ಆದರೆ ಸತ್ಯ ಹೇಳುವುದಕ್ಕೆ ಶೂರನೇ ಆಗಬೇಕೆಂಬಂಥ ಸ್ಥಿತಿಯನ್ನು ಒಂದು ಕಚೇರಿಯಲ್ಲಿ ತಂದಿಟ್ಟವನು ಯಾರು? ಇಪ್ಪತ್ತಮೂರು ವರ್ಷದ ಹುಡುಗರೆಲ್ಲ ಶೂರರಾಗಿರುತ್ತಾರೆಂದು ನೆಚ್ಚಿ ಆಸ್ಪತ್ರೆಯ ಲೆಕ್ಕವನ್ನು ಅವರ ಕೈಗೆ ಕೊಡುವುದು ವಿವೇಕವೇ? ೧೯೯೭ರ ಆ ರಾತ್ರಿ ನಾನು ಎರಡು ಗಂಟೆಗೆ ದೂರವಾಣಿ ಮಾಡಿದ್ದು ನನ್ನ ಶೌರ್ಯದಿಂದಲ್ಲ. ಯಾರಿಗೆ ಮಾಡುತ್ತಿದ್ದೇನೆಂಬುದು ನನಗೆ ಗೊತ್ತಿತ್ತು. ನನ್ನ ಸತ್ಯದಲ್ಲಿ ಅರ್ಧ ಭಾಗ ನಮ್ಮ ಮೇಲಿನವರದು. ಹಾಗಾದರೆ ಈ ಹುಡುಗನ ಸುಳ್ಳಿನಲ್ಲಿ ಅರ್ಧ ಭಾಗ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಪೂರ್ವಪಕ್ಷವೊಂದುಂಟು, ಅದು ಬಲವಾದದ್ದೇ. ಹೀಗೆ ಕ್ಷಮಿಸುತ್ತ ಹೋದರೆ ಶಿಸ್ತು ಎಲ್ಲಿ ಉಳಿದೀತು? ತಪ್ಪಿಗೆ ಶಿಕ್ಷೆಯಿಲ್ಲದಿದ್ದರೆ ಎಚ್ಚರಿಕೆಯಾದರೂ ಏತಕ್ಕೆ? ಉತ್ತರವಾಗಿ, ಜಗತ್ತಿಗೆಲ್ಲ ತಿಳಿದ ಒಂದು ಘಟನೆಯನ್ನು ಹೇಳುತ್ತೇನೆ. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಬರಹಗಳನ್ನು ತಂದಿಡುವ ಒಂದು ಭಂಡಾರ. ೨೦೧೭ರ ಜನವರಿ ೩೧ರ ರಾತ್ರಿ ಅಲ್ಲಿಯ ಇಂಜಿನಿಯರೊಬ್ಬ, ಹೊಸಬನೇನೂ ಅಲ್ಲ, 'ಉಪ' ಯಂತ್ರದಲ್ಲಿ ಅಳಿಸಬೇಕಾದ ದತ್ತಾಂಶವನ್ನು 'ಮುಖ್ಯ' ಯಂತ್ರದಲ್ಲಿ ಅಳಿಸಿದ. ಒಂದೆರಡು ಸೆಕೆಂಡಿನಲ್ಲಿಯೇ ಅರಿವಾಗಿ ನಿಲ್ಲಿಸಿದ. ಸುಮಾರು ೩೦೦ ಗಿಗಾಬೈಟಿನಲ್ಲಿ ಆಗ ಉಳಿದಿದ್ದದ್ದು ನಾಲ್ಕೂವರೆ. ನಕಲುಗಳನ್ನು ಹುಡುಕಿದರೆ, ಐದು ಬಗೆಯ ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ನಿತ್ಯದ ನಕಲು ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದುವು. ಬೇರಾವುದೋ ಪರೀಕ್ಷೆಗೆಂದು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿಟ್ಟ ಪ್ರತಿಯೊಂದು ದೈವವಶಾತ್ ಸಿಕ್ಕಿತು.

ಆ ಕಂಪನಿ ಮಾಡಿದ್ದನ್ನು ಗಮನಿಸಬೇಕು. ಆದದ್ದನ್ನೆಲ್ಲ ಬಹಿರಂಗವಾಗಿ ಬರೆಯಿತು. ಮರಳಿ ಕಟ್ಟುವ ಕೆಲಸವನ್ನು ಜನ ನೋಡುವಂತೆ ನೇರ ಪ್ರಸಾರ ಮಾಡಿತು. ವರದಿಯಲ್ಲಿ ಇಂಜಿನಿಯರನ ಹೆಸರನ್ನು ಹಾಕಲಿಲ್ಲ, ಅವನನ್ನು ತೆಗೆದುಹಾಕಲೂ ಇಲ್ಲ. ಬೆರಳು ತಪ್ಪಿದ್ದು ಒಂದು ಕ್ಷಣ. ನಕಲುಗಳನ್ನು ಪರೀಕ್ಷಿಸದೆ ಬಿಟ್ಟದ್ದು ಬಹುಕಾಲದ ಅಲಕ್ಷ್ಯ. ಶಿಕ್ಷೆ ಬೆರಳಿಗೆ ಬಿದ್ದಿದ್ದರೆ ಅಲಕ್ಷ್ಯ ಹಾಗೆಯೇ ಉಳಿಯುತ್ತಿತ್ತು. ಅದೇ ವರ್ಷ ಫೆಬ್ರವರಿ ೨೮ರಂದು ಅಮೆಜಾನ್ ಕಂಪನಿಯ ಭಂಡಾರ ಸೇವೆ ಸುಮಾರು ನಾಲ್ಕು ಗಂಟೆ ಕೆಟ್ಟು, ಅದನ್ನು ನೆಚ್ಚಿದ ಅನೇಕ ಜಾಲತಾಣಗಳು ನಿಂತುವು. ಆಜ್ಞೆಯೊಂದರಲ್ಲಿ ಒಂದು ಅಂಶ ತಪ್ಪಾಗಿ ಬಿದ್ದದ್ದೇ ಕಾರಣ. ಆಮೇಲೆ ಕಂಪನಿ ಪ್ರಕಟಿಸಿದ ಪರಿಹಾರಗಳಲ್ಲಿ ಒಂದು ಆ ಸಾಧನವನ್ನು ತಿದ್ದುವ ಬಗೆಗೆ: ಅಷ್ಟು ಯಂತ್ರಗಳನ್ನು ಅಷ್ಟು ಬೇಗ ತೆಗೆಯಲು ಬಾರದಂತೆ ಅದಕ್ಕೊಂದು ತಡೆ ಹಾಕಿದರು.

ಶಿಸ್ತು ಬೇಡವೆಂದು ಇದರ ಅರ್ಥವಲ್ಲ. ಕೈತಪ್ಪು ಬೇರೆ, ಅಲಕ್ಷ್ಯ ಬೇರೆ, ಮುಚ್ಚಿಡುವುದು ಬೇರೆ. ಕೈತಪ್ಪಿಗೆ ತಿದ್ದುಪಡಿ ಸಾಕು. ಅಲಕ್ಷ್ಯಕ್ಕೆ ದಂಡನೆಯಿರಲಿ, ಅದು ಮೇಲಿನವರಿಂದ ಆರಂಭವಾಗಲಿ. ಮುಚ್ಚಿಡುವುದನ್ನು ಮಾತ್ರ ಸಹಿಸಬಾರದು. ಆದರೆ ಮುಚ್ಚಿಡುವುದನ್ನು ಸಹಿಸುವುದಿಲ್ಲವೆನ್ನುವ ಹಕ್ಕು, ಬಿಚ್ಚಿ ಹೇಳಿದವನನ್ನು ಕಾಪಾಡಿದವನಿಗೆ ಮಾತ್ರ ಉಂಟು. ೨೦೦೯ರಲ್ಲಿ ಆ ಹಕ್ಕನ್ನು ಕಳೆದುಕೊಂಡಿದ್ದ ನಾನು ಅದನ್ನು ಚಲಾಯಿಸಿದೆ.

ಇನ್ನು ಮಿತ್ರರ ಜಾಹೀರಾತಿಗೆ ಬರೋಣ. ಮೂರು ವರ್ಷದ ಅನುಭವ ಬೇಕೆನ್ನುವ ಕಂಪನಿ, ಆ ಮೂರು ವರ್ಷಗಳ ಅಪಾಯವನ್ನು ಬೇರೆ ಯಾರಾದರೂ ಹೊರಲಿ ಎನ್ನುತ್ತದೆ. ನೆರೆಮನೆಯವರು ನೀರೆರೆದ ಮರದ ಹಣ್ಣು ಬೇಕು; ತನ್ನ ಹಿತ್ತಲಲ್ಲಿ ಸಸಿ ನೆಡುವ ಮನಸ್ಸಿಲ್ಲ. ಎಲ್ಲರೂ ಹೀಗೆ ಯೋಚಿಸಿದರೆ ಹಣ್ಣೆಲ್ಲಿ ಬಂದೀತು? ಕಲಿಸಿದ ಮೇಲೆ ಬಿಟ್ಟು ಹೋಗುತ್ತಾರೆ ಎಂಬುದು ಅವರ ದೂರು. ಹೋಗುತ್ತಾರೆ, ನಿಜ. ನಾನೂ ಹೋದೆ, ನನಗೆ ಟೇಪು ತುಂಬಿಸಲು ಕಲಿಸಿದ ಕಚೇರಿಯನ್ನು ನಾಲ್ಕು ವರ್ಷಕ್ಕೆ ಬಿಟ್ಟೆ. ಆದರೆ ಆ ಕಚೇರಿಗೆ ಬಂದ ನಮ್ಮ ಮೇಲಿನವರೂ ಬೇರೆಲ್ಲೋ ಕಲಿತೇ ಬಂದಿದ್ದರು.

ಈಚೆಗೆ ಇನ್ನೊಂದು ವಾದ ಹುಟ್ಟಿಕೊಂಡಿದೆ. ಮರೆತ ಗುಪ್ತಪದವನ್ನು ಬದಲಿಸುವುದು, ತುಂಬಿದ ಡಿಸ್ಕನ್ನು ತೆರವು ಮಾಡುವುದು, ಯಂತ್ರದ ದಿನಚರಿಯನ್ನು ಓದಿ ದೋಷ ಹುಡುಕುವುದು, ಹೊಸಬರು ಮಾಡುತ್ತಿದ್ದ ಇಂಥ ಸಣ್ಣ ಕೆಲಸಗಳನ್ನು ಯಂತ್ರಗಳೇ ಮಾಡತೊಡಗಿವೆ. ಆಜ್ಞೆಗಳನ್ನು ಬರೆದುಕೊಡಲು ಕೃತಕ ಬುದ್ಧಿಮತ್ತೆ ಬಂದಿದೆ. ಆದುದರಿಂದ ಹೊಸಬರ ಅಗತ್ಯವೇ ಇಲ್ಲವೆಂದು. ಬರೆದುಕೊಟ್ಟ ಆಜ್ಞೆಯಲ್ಲಿ ತೆರಪು ತಪ್ಪಿದೆಯೆಂದು ಕಂಡುಹಿಡಿಯುವವನು ಯಾರು? ಆ ಕಣ್ಣು ಸಣ್ಣ ಕೆಲಸಗಳನ್ನು ಸಾವಿರ ಸಲ ಮಾಡಿಯೇ ಬಂದದ್ದು. ಅವು ಕೆರೆಯ ಅಂಚಿನ ಆಳವಿಲ್ಲದ ನೀರಾಗಿದ್ದುವು. ಮಕ್ಕಳು ಮೊದಲು ಕಾಲಿಡುತ್ತಿದ್ದ ಕಡೆ. ಅದು ಬತ್ತಿಹೋದರೆ, ಕಲಿಯುವುದಕ್ಕೆಂದೇ ಒಂದು ತಗ್ಗು ತೋಡಿ ನೀರು ನಿಲ್ಲಿಸಬೇಕಾದದ್ದು ಹಿರಿಯರ ಹೊಣೆ. ಮಕ್ಕಳನ್ನು ನಡುಕೆರೆಗೆ ಎಸೆಯುವುದು ಕ್ರೌರ್ಯ. ಈಜುವವರೇ ಬೇಡವೆನ್ನುವುದು ಮೌಢ್ಯ.

ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಹಿಂದಿನವರು ಹೇಳಿದರು. ಅವುಗಳಲ್ಲಿ ಋಷಿಋಣವೆಂಬುದು ವಿದ್ಯೆಯ ಸಾಲ. ಅದನ್ನು ಕೊಟ್ಟವರಿಗೇ ಹಿಂದಿರುಗಿಸುವಂತಿಲ್ಲ. ಮುಂದೆ ಬರುವವರಿಗೆ ತೀರಿಸತಕ್ಕದ್ದು. ನಮ್ಮ ಮೇಲಿನವರು ಇಂದು ಇಲ್ಲ. ಅವರು ನನಗೆ ಕೊಟ್ಟ ಒಂದು ಮಾತನ್ನು ನಾನು ಹಲವರಿಗೆ ದಾಟಿಸಿದೆ. ಕೊಡಲೇಬೇಕಾಗಿದ್ದ ಒಬ್ಬನಿಗೆ ಕೊಡಲಿಲ್ಲ.

ಮಿತ್ರರು ಈ ಭಾನುವಾರ ಮತ್ತೆ ಬಂದರು. ಮಗನಿಗೆ ಹನ್ನೆರಡನೆಯ ಸಂದರ್ಶನ ಗುರುವಾರವಂತೆ. "ಏನು ಹೇಳಿ ಕಳುಹಿಸಲಿ?" ಎಂದು ಕೇಳಿದರು. ಏನನ್ನಾದರೂ ಕೆಡಿಸಿದ್ದರೆ ಅಳುಕದೆ ಹೇಳಲಿ ಎಂದೆ. ಆಮೇಲೆ, ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದು ಅವರು ಅವನನ್ನು ಕೇಳುವರಲ್ಲ, ಆಗ ಅವನೂ ಒಂದು ಪ್ರಶ್ನೆ ಹಾಕಲಿ: "ನಿಮ್ಮಲ್ಲಿ ಹೋದ ಸಲ ತಪ್ಪು ಮಾಡಿದವನು ಈಗ ಎಲ್ಲಿದ್ದಾನೆ?"